ಕಂಕುಳ ಗಂಟಿನ ಬಣ್ಣ

ತಂಗಿಯ ಮನೆಯಲ್ಲಿ ರಾತ್ರಿ ಉಳಿದಿದ್ದ ಕಿನುಯೋ ಬೆಳಿಗ್ಗೆ ಮರಳಿದಾಗ ಒಲೆಮನೆಯ ಬಾಗಿಲು ಕರಕಲಾಗಿತ್ತು. ತಳ್ಳಿ ನೋಡಿದಳು. ಸೌದೆಯ ಬೂದಿಯ ನಡುವೆ ಒಂದು ಹೆಣ — ಮುಖವಿಲ್ಲ, ಚರ್ಮವಿಲ್ಲ. ಬೆರಳಲ್ಲಿ ಮಾತ್ರ ಅವಳ ಗಂಡ ಶುಕಿಚಿಯ ಉಂಗುರ.

ಒಸಾಕಾದ ಆ ಗಲ್ಲಿಯಲ್ಲಿ ಗಂಡ ಹೆಂಡತಿ ಸಾರ್ವಜನಿಕ ಸ್ನಾನಗೃಹ ನಡೆಸುತ್ತಿದ್ದರು. ನೀರಿನ ಒಲೆ ನೋಡಿಕೊಳ್ಳುತ್ತಿದ್ದವನು ಗೆನ್‌ಪೆ. ಅವನೂ ನಾಪತ್ತೆ. ಹೆಣದ ತಲೆಬುರುಡೆ ಬೆಂಕಿ ಹತ್ತುವ ಮೊದಲೇ ಒಡೆದಿತ್ತು ಎಂದು ಪೊಲೀಸರು ಹೇಳಿದ ಮೇಲೆ, ಕೊಂದವನು ಗೆನ್‌ಪೆಯೇ ಎಂದು ಗಲ್ಲಿ ತೀರ್ಮಾನಿಸಿಬಿಟ್ಟಿತು.

ಕಿನುಯೋಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಬೀದಿ ಬೆಕ್ಕಿನ ಮರಿಗಳಿಗೆ ಒಲೆಯ ಪಕ್ಕ ಹಾಸಿಗೆ ಹಾಸಿದ ಮನುಷ್ಯ ಕೊಲೆ ಮಾಡುತ್ತಾನೆಯೇ? ಯಾಕೆ?

ಆ ವಾರವೇ ಇನ್‌ಸ್ಪೆಕ್ಟರ್ ಹಾಸೆಬೆ ಬಂದರು. ಜೊತೆಗೆ ಶವಪರೀಕ್ಷೆ ಮಾಡಿದ ಡಾಕ್ಟರ್ ತೊಕುನಾಗಾ, ನಡುವಯಸ್ಸಿನ ಹೆಂಗಸು.

"ಬೇಜಾರು ಮಾಡ್ಕೋಬೇಡಿ ಅಮ್ಮ," ಎಂದರು ಹಾಸೆಬೆ. "ನಿಮ್ಮ ಯಜಮಾನ್ರ ಮೈಮೇಲೆ ಹಚ್ಚೆ ಇತ್ತಾ?"

"ಹಚ್ಚೆನಾ? ಹಚ್ಚೆ ಹಾಕಿದೋರೆಲ್ಲ ರೌಡಿಗಳು ಅಂತ ಉರಿದು ಬೀಳೋರು. ಹಚ್ಚೆಯವರಿಗೆ ಪ್ರವೇಶ ಇಲ್ಲ ಅಂತ ಬಾಗ್ಲಿಗೆ ಬೋರ್ಡು ಹಾಕಿದ್ದೇ ಅವರು."

"ಹುಡುಗಾಟಕ್ಕೆ ಯಾವಾಗಲೋ ಹಾಕಿಸಿದ ಒಂದು ಚುಕ್ಕಿ?"

"ಮದುವೆ ಆದಾಗಿಂದ ಅವರ ಬೆನ್ನು ಉಜ್ಜಿದೋಳು ನಾನು. ಇಲ್ಲ ಅಂದ್ರೆ ಇಲ್ಲ. ಯಾಕೆ ಕೇಳ್ತಿದೀರಿ?"

ಹಾಸೆಬೆ ಡಾಕ್ಟರರತ್ತ ನೋಡಿದರು.

"ಚರ್ಮ ಪೂರ್ತಿ ಸುಟ್ಟಿದೆ," ಎಂದರು ಡಾಕ್ಟರ್. "ಆದ್ರೆ ಕಂಕುಳಿನ ಆಳದಲ್ಲಿ ಅವರೆಕಾಳಿನಷ್ಟು ಗಂಟುಗಳಿರ್ತವೆ, ದುಗ್ಧರಸ ಗ್ರಂಥಿ. ಬೆಂಕಿ ಅಲ್ಲಿಗೆ ತಲುಪಿಲ್ಲ. ಮೇಲೆ ಕಪ್ಪಗೆ ಕಂಡಿದ್ದಕ್ಕೆ ಮಸಿ ಇರ್ಬೇಕು ಅಂತ ಮೊದಲು ಬಿಟ್ಟಿದ್ದೆ. ನಿನ್ನೆ ಕೊಯ್ದು ನೋಡಿದ್ರೆ ಒಳಗೆ ನೀಲಿ, ಕೆಂಪು."

"ಏನಾದ್ರೂ ಕಾಯಿಲೆನಾ?"

"ಅಲ್ಲ. ಹಚ್ಚೆಯ ಬಣ್ಣ."

"ಚರ್ಮಕ್ಕೆ ಹಾಕಿದ ಬಣ್ಣ ಕಂಕುಳಿಗೆ ಯಾಕೆ ಹೋಗತ್ತೆ?"

"ನಮ್ಮ ಮೈಯಲ್ಲಿ ಕಾವಲು ಕಣಗಳಿವೆ ಅಮ್ಮ. ಹೊರಗಿಂದ ಏನೇ ನುಗ್ಗಿದ್ರೂ ಹಿಡಿದು ನುಂಗ್ತವೆ. ಬಣ್ಣ ಅವಕ್ಕೆ ಅರಗಲ್ಲ. ಒಂದಷ್ಟು ದುಗ್ಧರಸದ ಜೊತೆ ಹರಿದು ಹತ್ತಿರದ ಗ್ರಂಥಿಗೆ ಸೇರತ್ತೆ, ಅಲ್ಲೇ ಉಳಿಯತ್ತೆ."

ಕಿನುಯೋ ಇಬ್ಬರ ಮುಖವನ್ನೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಹಚ್ಚೆ ಇಲ್ಲದವನ ಒಳಗೆ ಹಚ್ಚೆಯ ಬಣ್ಣ ಹೇಗೆ?

"ಆದ್ರೆ... ಉಂಗುರ ಅವರದ್ದೇ."

"ಉಂಗುರಾನ ಯಾರ ಬೆರಳಿಗೆ ಬೇಕಾದ್ರೂ ಹಾಕ್ಬಹುದು," ಎಂದರು ಹಾಸೆಬೆ. " ಗೆನ್‌ಪೆ ಯಾವಾಗ ಸ್ನಾನ ಮಾಡ್ತಿದ್ದ?"

"ಗಿರಾಕಿಗಳೆಲ್ಲ ಹೋದ ಮೇಲೆ. ದೀಪ ಆರಿಸಿ. ನಾಚಿಕೆ ಸ್ವಭಾವ ಅಂತ ನಾನು —"



"ನಾಚಿಕೆ ಅಲ್ಲ, ಭಯ," ಎಂದರು ಹಾಸೆಬೆ. "ಸ್ನಾನದ ಕೋಣೆಯ ಹೆಂಚಿನ ಸಂದಿಯಲ್ಲಿ ರಕ್ತ ಸಿಕ್ಕಿದೆ. ಸತ್ತದ್ದು ಅಲ್ಲಿ, ಸುಟ್ಟದ್ದು ಒಲೆಮನೆಯಲ್ಲಿ. ಆ ರಾತ್ರಿ ಯಾರೋ ದೀಪ ಹಾಕಿದಾರೆ, ಮೈಮೇಲಿನ ಹಚ್ಚೆ ನೋಡಿದಾರೆ. ಜಗಳ ಆಗಿದೆ, ಏಟು ಬಿದ್ದಿದೆ. ಆಮೇಲೆ ತಾನೇ ಸತ್ತ ಹಾಗೆ ಕಾಣ್ಲಿ ಅಂತ ತನ್ನ ಉಂಗುರ ಹೆಣಕ್ಕೆ ತೊಡಿಸಿ ಬೆಂಕಿ ಇಟ್ಟಿದಾರೆ. ಅಮ್ಮ, ಸತ್ತವನು ಗೆನ್‌ಪೆ. ಕೊಂದವರು ನಿಮ್ಮ ಯಜಮಾನ್ರು, ಶುಕಿಚಿ."

ಗಂಡ ಬದುಕಿದ್ದಾನೆ. ಹಿಗ್ಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಇಷ್ಟು ದಿನ ಅತ್ತ ಕಣ್ಣೀರು ಯಾರ ಪಾಲಿಗೆ ಹೋಯಿತು?

ಶುಕಿಚಿ ಕೋಬೆ ಬಂದರಿನ ಒಂದು ಛತ್ರದಲ್ಲಿ ಸಿಕ್ಕಿಬಿದ್ದನೆಂಬ ಸುದ್ದಿ ಬಂದಾಗ ಕಿನುಯೋ ಠಾಣೆಗೆ ಹೋದಳು. ಗಂಡನನ್ನು ನೋಡುತ್ತೀರಾ ಎಂದು ಹಾಸೆಬೆ ಕೇಳಿದರು. ಅವಳು ತಲೆಯಾಡಿಸಿದಳು, ಬೇಡವೆಂದು.

"ಗೆನ್‌ಪೆಯ ಅಸ್ಥಿ ಕೇಳ್ಕೊಂಡು ಯಾರಾದ್ರೂ ಬಂದ್ರಾ?"

"ಯಾರೂ ಇಲ್ಲ."

"ಹಾಗಾದ್ರೆ ನನಗೆ ಕೊಡಿ," ಎಂದು ಅವಳು ಎರಡೂ ಕೈ ಚಾಚಿದಳು.