ಹಾಸಿಗೆ ಮೇಲಿನ ಹೀಟರ್

ಜನವರಿ ಒಂಬತ್ತು, ಸಂಜೆ ನಾಲ್ಕೂವರೆ. ಬೀಗ ರಿಪೇರಿಯವನು ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಎದುರು ಎದೆ ಬಡಿದುಕೊಂಡ.

"ನನ್ನ ತಮ್ಮನ ಹೆಂಡ್ತಿ ನಮ್ಮ ತಾಯೀನ ಸುಟ್ಟುಹಾಕಿದ್ಲು ಸಾರ್. ಹೀಟರ್ ಹಾಸಿಗೆ ಮೇಲಿಟ್ಟು ಕೆಲಸಕ್ಕೆ ಹೋಗಿದ್ದಾಳೆ. ತಮ್ಮ ಸತ್ತ ಮೇಲೆ ಅವಳಿಗೆ ಹಾಸಿಗೆ ಹಿಡಿದ ಮುದುಕಿ ಭಾರ ಆಗಿದ್ಲು."

"ನೀನೆಲ್ಲಿದ್ದೆ?"

"ಬೆಳಿಗ್ಗೆ ಮುಂದಿನ ಕೋಣೇಲಿ, ಅದೇ ನನ್ನ ಅಂಗಡಿ. ಮಧ್ಯಾಹ್ನ ಗಿರಾಕಿ ಮನೆ ಬೀಗ ತೆಗೆಯೋಕೆ ಹೋಗಿದ್ದೆ."

ಎಫ್‌ಐಆರ್ ದಾಖಲಾಯಿತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಸೊಸೆಯನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದರು.

"ಹೀಟರ್ ಯಾವಾಗ್ಲೂ ನೆಲದ ಮೇಲೇ ಇಡ್ತಿದ್ದೆ ಸಾರ್, ಮಂಚದಿಂದ ದೂರ. ಹೊದಿಕೆ ತಾಗೋಕೆ ಬಿಡ್ತಿರಲಿಲ್ಲ. ಎಂಟು ಗಂಟೆಗೆ ಪ್ಲಗ್ ಕಿತ್ತು, ಬೇಕಾದ್ರೆ ಭಾವ ಹಾಕ್ಕೊಡ್ತಾರೆ ಅತ್ತೆ ಅಂತ ಹೇಳಿ ಹೋದೆ."

"ಈ ಬೆಂಚಿನ ಮೇಲೆ ಕೂತೋರೆಲ್ಲ ಹರಿಶ್ಚಂದ್ರನ ಮೊಮ್ಮಕ್ಕಳೇ ಕಣಮ್ಮ," ಎಂದ ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಎಲ್ಲರೂ ಅವನನ್ನು ಮೀಸೆ ಎನ್ನುತ್ತಿದ್ದರು.

ಮಾರನೇ ದಿನ ಪಂಚನಾಮೆ. ಮಂಚದ ಕಾಲ್ದೆಸೆ ಕರಿಕಲು. ಇನ್‌ಸ್ಪೆಕ್ಟರ್ ಎಲೆಕ್ಟ್ರಿಕ್ ಅಂಗಡಿಯಿಂದ ಅಂಥದೇ ಹೀಟರ್ ತರಿಸಿ ನೆಲದ ಮೇಲಿಟ್ಟ. ಉರಿಯಿತು. ಮೆತ್ತನೆ ಹಾಸಿಗೆ ಮೇಲಿಟ್ಟ. ಆರಿತು. ಅಡಿಯಲ್ಲೊಂದು ಪುಟ್ಟ ಗುಂಡಿ. ಗಟ್ಟಿ ನೆಲ ಅದನ್ನು ಒತ್ತಿದರೆ ಮಾತ್ರ ಕರೆಂಟು.

"ಹಾಗಾದ್ರೆ ಆ ಹೀಟರ್ ಹಾಸಿಗೆ ಮೇಲೆ ಹೆಂಗ್ರೀ ಉರೀತು?" ಎಂದ ಮೀಸೆ.

ಸುಟ್ಟ ಹೀಟರನ್ನು ಬೋರಲು ಹಾಕಿದರು. ಗುಂಡಿ ಮೇಲೇಳದಂತೆ ಹಿತ್ತಾಳೆ ಚೂರೊಂದನ್ನು ತುರುಕಲಾಗಿತ್ತು. ಮಸಿ ಕೆರೆದರೆ ಕೀ. ಹಲ್ಲು ಕೆತ್ತಿರದ ಹೊಸ ಕೀ. ತುದಿಯನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡಲಾಗಿತ್ತು.

ಪಕ್ಕದ ಮನೆಯಾಕೆ ಹೇಳಿಕೆ ಕೊಟ್ಟಳು. "ಬೆಳಿಗ್ಗೆಯಿಂದ 'ಮಗಾ, ಮತ್ತೆ ಆಫ್ ಆಯ್ತು ಕಣೋ' ಅಂತ ಅಜ್ಜಿ ಕೂಗ್ತಾನೇ ಇತ್ತು. ಹನ್ನೊಂದು ಗಂಟೆ ಮೇಲೆ ಕೂಗು ಕೇಳಿಸಲಿಲ್ಲ."

ಬೀಗದವನನ್ನು ಠಾಣೆಗೆ ಕರೆಸಿ ಕೀಯನ್ನು ಮೇಜಿನ ಮೇಲಿಟ್ಟರು.

"ಇಂಥವು ಅಂಗಡೀಲಿ ರಾಶಿ ಬಿದ್ದಿರುತ್ವೆ ಸಾರ್. ಅವಳೇ ಎತ್ಕೊಂಡಿರ್ತಾಳೆ."

"ಅವಳು ಎಂಟಕ್ಕೆ ಹೋದ್ಲು. ಹೀಟರ್ ಹನ್ನೊಂದರವರೆಗೂ ಆಫ್ ಆಗ್ತಿತ್ತು. ಆಮೇಲೆ ಆಗಲೇ ಇಲ್ಲ. ಆಗ ಮನೇಲಿ ಇದ್ದೋನು ಯಾರೋ?"

ಅವನು ಕೀಯನ್ನು ಮೇಜಿನಿಂದ ಎತ್ತಿ ಮತ್ತೆ ಅಲ್ಲೇ ಇಟ್ಟ. ಆಮೇಲೆ ಹೇಳಿದ. "ಕಾಲು ತಣ್ಣಗಿದೆ ಅಂದ್ಲು, ಹಾಸಿಗೆ ಮೇಲಿಟ್ಟೆ. ಆಫ್ ಆದಾಗೆಲ್ಲ ಎದ್ದು ಹೋದೆ. ಒಂದು ಕೀ ಕೆತ್ತೋಕೂ ಬಿಡಲಿಲ್ಲ ಸಾರ್."

"ದೂರು ಯಾಕೆ ಕೊಟ್ಟೆ?"

"ಜನ ತಾಯೀನ ಸುಟ್ಟೋನು ಅಂತಾರಲ್ಲ."

"ಇವಳನ್ನ ಅತ್ತೇನ ಸುಟ್ಟೋಳು ಅಂದ್ರೆ ನಿನಗೆ ಚೆನ್ನ, ಅಲ್ವಾ?"

ಹೆತ್ತವರಿಗೆ ಹೆಗ್ಗಣ ಮುದ್ದು. ಆ ಹೆಗ್ಗಣವನ್ನು ಜನವರಿ ಹತ್ತು, ಸಂಜೆ ಐದೂಕಾಲಿಗೆ ಬಂಧಿಸಲಾಯಿತು. ಅವನಿಗೆ ತಾಯಿಯ ಮೇಲೆ ದ್ವೇಷವಿರಲಿಲ್ಲ. ಪದೇ ಪದೇ ಏಳುವುದು ಬೇಡವಾಗಿತ್ತು, ಅಷ್ಟೇ. ಇಲ್ಲಿ ಬೇಡ, ಇಲ್ಲಿ ಬೇಡ ಎಂದು ಹೀಟರು ಬೆಳಿಗ್ಗೆಯಿಡೀ ಹೇಳಿತ್ತು. ಅದರ ಬಾಯಿಗೂ ಬೀಗ ಜಡಿದ.

ಸೊಸೆ ಬೆಂಚಿನಿಂದ ಎದ್ದಳು. ಮೀಸೆ ತಲೆ ತಗ್ಗಿಸಿ ಕೇಳಿದ: "ಅಜ್ಜಿ ಹಂಗೆ ಕೂಗಿದ್ರೆ ನಿಮಗೆ ಬೇಜಾರಾಗ್ತಿರಲಿಲ್ವೇನಮ್ಮ?"

"ಆಗ್ತಿತ್ತು ಸಾರ್. ಬೈಕೊಂಡೇ ಎದ್ದು ಹೋಗ್ತಿದ್ದೆ."