ರಂಗನಿಗೆ ಬಿಟ್ಟ ಕುರ್ಚಿ

ಎಂಬತ್ತಾರನೇ ಇಸವಿ. ನಮ್ಮ ಮಾರೇನಹಳ್ಳಿ ರಾಕ್ ಬ್ಯಾಂಡಿನ ಹಾಡುಗಾರ ಚಿಕ್ಕರಂಗ ತೀರಿಕೊಂಡ ಮೇಲೆ ಸೇರಿಕೊಂಡ ಹೊಸಬರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಶ್ರುತಿಯೂ ಗೊತ್ತಿಲ್ಲದ ದಂಡಪಿಂಡಗಳು! ಗಣೇಶನ ಪೆಂಡಾಲಿನಲ್ಲಿ ಅವರು ಹಾಡಿದ ದಿನ ಬೇಕಂತಲೇ ಹೋಗಲಿಲ್ಲ.

ಮರುದಿನ ಡ್ರಮ್ಮರ್ ನಂಜುಂಡಿ, “ಒಂದ್ಸಲ ಕೇಳು ಗುರು” ಅಂತ ಕ್ಯಾಸೆಟ್ ಕೊಟ್ಟ. ಆಡಿಕೊಂಡು ನಗೋಣವೆಂದೇ ಹಾಕಿದೆ. ಗರಗರ ಸದ್ದಿನ ನಡುವೆಯೂ ಹಾಳಾದವರು ಚೆನ್ನಾಗಿಯೇ ಹಾಡಿದ್ದರು.

ಪ್ರತಿ ಹಾಡು ಮುಗಿದಾಗಲೂ ಕಬ್ಬಿಣದ ಕುರ್ಚಿಗೆ ಉಂಗುರ ಬಡಿದ ಸದ್ದು. ಮೆಚ್ಚಿಗೆಯಾದರೆ ರಂಗ ಹಾಗೆಯೇ ಬಡಿಯುತ್ತಿದ್ದ. ಕೊನೆಗೆ, ರೆಕಾರ್ಡರಿಗೇ ಬಾಯಿಟ್ಟಂತೆ, ಅವನದೇ ದನಿ: “ನೀನ್ಯಾಕೋ ಬರ್ಲಿಲ್ಲ, ಕೆಂಪ?”

ರೆಕಾರ್ಡರ್ ಎಲ್ಲಿಟ್ಟಿದ್ದೆ ಎಂದು ನಂಜುಂಡಿಯನ್ನು ಕೇಳಿದೆ.

“ಮುಂದಿನ ಸಾಲಲ್ಲಿ, ರಂಗಣ್ಣನ ಫೋಟೊ ಇಟ್ಟಿದ್ದ ಕುರ್ಚಿ ಮೇಲೆ. ಯಾರೂ ಕೂರ್ಬಾರ್ದು ಅಂತ ಅದಕ್ಕೆ ಹಾರ ಕಟ್ಟಿದ್ವಿ, ಗುರು.”