ತೆಂಕು ಬಾಗಿಲು

"ನಾನು ಒಳಗೆ ಕಾಲಿಡುದಿಲ್ಲ ಅಂದ್ರೆ ಇಲ್ಲ!"

ಹಾಲಿನ ಪಾತ್ರೆ ಹಿಡಿದ ಅಮ್ಮ ಹೊಸ ಫ್ಲಾಟಿನ ಬಾಗಿಲಿಗೆ ಮುಖ ಮಾಡಿ ಹೊರಗೇ ನಿಂತುಬಿಟ್ಟಳು. ಕಾರಿಡಾರಿನ ಕಿಟಕಿಯಿಂದ ಬೆಳಗಿನ ಬಿಸಿಲು ಅವಳ ಬಲಗೆನ್ನೆಯ ಮೇಲೆ ಬೀಳುತ್ತಿತ್ತು. ಬಲಗಡೆ ಪೂರ್ವವಾದರೆ ಬಾಗಿಲು ಯಾವ ಕಡೆಗೆ? ದಕ್ಷಿಣಕ್ಕೆ!

"ತೆಂಕು ಬಾಗಿಲು! ಯಮನ ದಿಕ್ಕು! ನೋಡಿ ಬಂದದ್ದು ನೀವೇ ಅಲ್ವಾ ಮಾರಾಯ್ರೇ?"

"ನಾನು ಬಾಡಿಗೆ ನೋಡಿದೆ, ನಲ್ಲಿ ನೋಡಿದೆ. ದಿಕ್ಕು ಯಾರಿಗೆ ನೆನಪಾಗ್ತದೆ?" ಪಪ್ಪ ತಲೆ ಕೆರೆದುಕೊಂಡರು.

ನಾಲ್ಕನೇ ಕ್ಲಾಸಿನ ನವ್ಯಶ್ರೀ ಮೆಟ್ಟಿಲ ಮೇಲೆ ಕೂತಿದ್ದಳು. ತೊಡೆಯ ಮೇಲೆ ಅವಳ ಸ್ಕೂಲ್ ಮಾಡೆಲ್, ಗೆರ್. ಅಂದರೆ ಮಂಗೋಲಿಯಾದ ಕುರಿಗಾಹಿಗಳು ಊರೂರಿಗೆ ಬಿಚ್ಚಿ ಒಯ್ಯುವ ಗುಂಡಗಿನ ಮನೆ. ಅದರ ಹೊದಿಕೆ ಪಪ್ಪನ ಹಳೆ ಬನಿಯನ್.

ಇದೇ ಅರಬ್ ನಾಡಿನ ಅಬು ಹಲೀಫಾದ ಹಳೆ ಮನೆ ಬಿಟ್ಟು ಬರಲು ಅವಳಿಗೆ ಒಂಚೂರೂ ಇಷ್ಟವಿರಲಿಲ್ಲ. ನಿನ್ನೆ ಅತ್ತೂ ಅತ್ತೂ ಸಾಕಾಗಿ, ಬಾಟ್ಲಿ ಗಮ್ ಪೂರ್ತಿ ಸುರಿದು ಗೆರನ್ನು ರಟ್ಟಿಗೆ ಅಂಟಿಸಿದ್ದಳು. "ನನ್ನ ಮನೆ ಎಲ್ಲಿಗೂ ಹೋಗುದಿಲ್ಲ!"

ಈಗ ಒಳಗೊಳಗೇ ಖುಷಿ. ಅಮ್ಮ ಬೇಡ ಅಂದರೆ ವಾಪಸ್!

"ಹಳೆ ಮನೆಗೆ ಇವತ್ತೇ ಬೇರೆಯವರು ಬರ್ತಾರೆ, ಸುಗಂಧಿ. ನಾವು ಎಲ್ಲಿಗೆ ಹೋಗುದು?" ಎಂದರು ಪಪ್ಪ.

ಅಮ್ಮ ಬಾಗಿಲನ್ನೇ ನೋಡಿದಳು. ಕಣ್ಣು ತುಂಬಿಕೊಂಡಿತು. ಅದನ್ನು ನೋಡಿ ನವ್ಯಶ್ರೀಯ ಖುಷಿಯೆಲ್ಲ ಠುಸ್ ಎಂದಿತು.

"ಅಮ್ಮಾ, ಮಂಗೋಲಿಯಾದಲ್ಲಿ ಎಲ್ಲರ ಬಾಗಿಲೂ ತೆಂಕಿಗೇ. ಪ್ರಾಮಿಸ್! ಟೀಚರ್ ಹೇಳಿದ್ದು."

"ಎಲ್ಲರದ್ದೂ?"

"ಹೌದು! ನಾರ್ತಿಂದ ಚಳಿ ಗಾಳಿ ಬರ್ತದಲ್ಲ, ಅದಕ್ಕೆ."

"ಇಲ್ಲಿ ಧೂಳಿನ ಗಾಳಿಯೂ ಬಡಗಿಂದಲೇ ಬರುದು ಅಕ್ಕಾ," ಎನ್ನುತ್ತ ಅಲೋಶಿಯಸ್ ಅಂಕಲ್ ಏದುಸಿರು ಬಿಡುತ್ತಾ ಮೇಲೆ ಬಂದರು. ಸಾಮಾನು ತಂದ ವ್ಯಾನ್ ಅವರದ್ದೇ. "ಯಲ್ಲಾ ಯಲ್ಲಾ, ಒಳಗೋ ಹೊರಗೋ ಬೇಗ ಹೇಳಿ! ಈ ಗ್ರೈಂಡರ್ ನನ್ನ ಹೆಗಲು ಮುರೀತದೆ!"

ಅಮ್ಮನಿಗೆ ನಗು ಬಂತು, ತಡೆದುಕೊಂಡಳು. "ದೇವರನ್ನು ಎಲ್ಲಿಡ್ತಾರಂತೆ?"

"ಬಾಗಿಲಿನ ಎದುರು, ಉತ್ತರದ ಕಡೆ. ಅಜ್ಜ ಅಜ್ಜಿ ಕೂರುದೂ ಅಲ್ಲೇ. ಮಧ್ಯದಲ್ಲಿ ಒಲೆ. ಮತ್ತೆ ಹೊಸಿಲು ಮೆಟ್ಟಬಾರ್ದು, ದೊಡ್ಡ ತಪ್ಪು."

"ಹೊಸಿಲು ಮೆಟ್ಟಬಾರ್ದಾ? ಅವರಲ್ಲೂ?" ಅಮ್ಮನ ಮುಖ ಸಡಿಲವಾಯಿತು. "ಪಾಪ, ಹಾಗೆ ಊರೂರು ತಿರುಗುವಾಗ ಮನೆ ಬಿಟ್ಟು ಬಂದ ಹಾಗೆ ಆಗುದಿಲ್ವಾ ಅವರಿಗೆ?"

"ಬಿಡುದೆಲ್ಲಿ? ಜೊತೆಗೇ ತರ್ತಾರಲ್ಲ! ಒಲೆ ಹೊತ್ತಿಸಿದ್ರೆ ಆಯ್ತು, ಅದೇ ಮನೆ."

ಹೇಳಿದ ಮೇಲೆ ನವ್ಯಶ್ರೀ ತೊಡೆಯ ಮೇಲಿನ ಗೆರನ್ನು ನೋಡಿದಳು. ತನ್ನ ಮಾತು ತನಗೇ ಈಗ ಕೇಳಿಸಿದ ಹಾಗಾಯಿತು.

ಅಮ್ಮ ಸೆರಗು ಸಿಕ್ಕಿಸಿದಳು. ಹೊಸಿಲು ದಾಟಿ ಬಲಗಾಲು ಒಳಗಿಟ್ಟಳು. "ಮೊದಲು ಸ್ಟವ್ ತನ್ನಿ. ಗ್ರೈಂಡರ್ ಆಮೇಲೆ."

"ಅಯ್ಯೋ ದೇವರೇ!" ಎಂದರು ಅಲೋಶಿಯಸ್ ಅಂಕಲ್.

ಹಾಲು ಬುಸ್ಸೆಂದು ಉಕ್ಕಿತು. ಮನೆಯೆಲ್ಲ ಘಮ. "ಮುಟ್ಟಬೇಡ, ಕೈ ತೊಳ್ದಿದ್ದೀಯಾ?" ಎಂದು ಅಮ್ಮ ಗದರಿದಳು, ಥೇಟ್ ಅಬು ಹಲೀಫಾದಲ್ಲಿ ಗದರುತ್ತಿದ್ದ ಹಾಗೆಯೇ.

ನವ್ಯಶ್ರೀ ಮೂಲೆಯಲ್ಲಿ ಕೂತು ಗೆರನ್ನು ರಟ್ಟಿನಿಂದ ಮೆಲ್ಲಗೆ ಕಿತ್ತಳು. ಬನಿಯನ್ ಸ್ವಲ್ಪ ಹರಿಯಿತು. ಪರವಾಗಿಲ್ಲ, ಹೊಲಿದರಾಯಿತು. ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು ಹಾಲ್‌ನ ನಡುವೆ ಇಟ್ಟು, ಅದರ ಪುಟ್ಟ ಬಾಗಿಲನ್ನು ಯಾವ ಕಡೆಗೆ ತಿರುಗಿಸುವುದೆಂದು ನೋಡಿದಳು.

"ಪಪ್ಪಾ, ತೆಂಕು ಯಾವ ಕಡೆ?"

ಹಾಲಿಗೆ ಸಕ್ಕರೆ ಹಾಕುತ್ತಿದ್ದ ಅಮ್ಮನೇ ಚಮಚ ಎತ್ತಿ ಮನೆಯ ಬಾಗಿಲು ತೋರಿಸಿದಳು.